ಹೆಜ್ಜಾರ್ಲೆಯ ಕೊಕ್ಕಿನ ಚುಕ್ಕೆಗಳು

ಫೆಬ್ರವರಿಯ ಒಂದು ಭಾನುವಾರ ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲಿ ಹೆಜ್ಜಾರ್ಲೆಗಳ (ಪೆಲಿಕನ್ ಹಕ್ಕಿಗಳ) ಸುಮಾರು ನಾನೂರು ಚಿತ್ರ ತೆಗೆದೆ. ಮೊಬೈಲ್‌ನಲ್ಲಿ ನೋಡಿದಾಗ ಚೆನ್ನಾಗಿಯೇ ಕಂಡವು. ಕಂಪ್ಯೂಟರ್‌ನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿದೆ; ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿರುವ ಚುಕ್ಕೆಗಳು, ಆ ಹಕ್ಕಿಯ ಗುರುತೇ ಆದ ಚುಕ್ಕೆಗಳು, ಒಂದಕ್ಕೊಂದು ಕಲೆತುಹೋಗಿದ್ದವು.

ಲೆನ್ಸ್ ಕೆಟ್ಟಿದೆ ಎಂದು ತೀರ್ಮಾನಿಸಿ ರಿಪೇರಿಗೆ ಕೊಟ್ಟೆ. ಎರಡು ವಾರ ಇಟ್ಟುಕೊಂಡು, ದೋಷವಿಲ್ಲ ಎಂಬ ಒಂದು ಸಾಲಿನ ಚೀಟಿಯೊಂದಿಗೆ ಹಿಂದಿರುಗಿಸಿದರು. ಕೋಪ ಬಂತು. ಮಲ್ಲೇಶ್ವರದಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ ಸೋದರಮಾವನಿಗೆ ಚಿತ್ರಗಳನ್ನು ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಬ್ಬಿಗೆ ಆಕಾರ ಇದೆಯೇನೋ, ನೋಡಿದೆಯಾ?"

ನಾನು ನೋಡಿರಲಿಲ್ಲ. ಕೈ ನಡುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ, ನೀರಿನ ಮೇಲಿನ ಹೊಳಪಿನ ಬಿಂದುಗಳು ಪುಟ್ಟ ಗೆರೆಗಳಾಗುತ್ತವೆ. ಹಕ್ಕಿ ಅಲುಗಿದ್ದರೆ ಅದು ಮಾತ್ರ ಎಳೆದುಕೊಂಡು, ಹಿಂದಿನ ಜೊಂಡು ಸ್ಪಷ್ಟವಾಗಿರುತ್ತದೆ. ಫೋಕಸ್ ತಪ್ಪಿದ್ದರೆ ಹಕ್ಕಿಯ ಮುಂದೆಯೋ ಹಿಂದೆಯೋ ಒಂದು ಪಟ್ಟಿಯಷ್ಟು ನೀರಾದರೂ ಸಾಮಾನ್ಯವಾಗಿ ಸ್ಫುಟವಾಗಿರುತ್ತದೆ. ಲೆನ್ಸಿನೊಳಗಿನ ಗಾಜು ಓರೆಯಾಗಿದ್ದರೆ ಚಿತ್ರದ ಒಂದು ಮಗ್ಗುಲು ಮಾತ್ರ ಯಾವಾಗಲೂ ಮೆತ್ತಗಿರುತ್ತದೆ. ನನ್ನ ಚಿತ್ರಗಳಲ್ಲಿ ಇವು ಯಾವುದೂ ಇರಲಿಲ್ಲ. ಎಲ್ಲ ಕಡೆಯೂ ಸಮನಾದ ಮಬ್ಬು.

ಆದರೂ ಲೆನ್ಸಿನ ಮೇಲಿನ ಅನುಮಾನ ಹೋಗಲಿಲ್ಲ. ತಾರಸಿಯ ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿದೆ. ನಡುಕ ತಡೆಯುವ ಸ್ವಿಚ್ ಆಫ್ ಮಾಡಿ, ಕೈ ತಾಗದಂತೆ ಎರಡು ಸೆಕೆಂಡ್ ಟೈಮರ್ ಇಟ್ಟೆ. 300 ಮಿ.ಮೀ. ನಾಭಿದೂರದಲ್ಲಿ, ಲೆನ್ಸಿನ ರಂಧ್ರದ ಅಳತೆ ಎಫ್ 8 ಇದ್ದಾಗ, ಚಿಕ್ಕ ಜಾಹೀರಾತುಗಳ ಅಕ್ಷರಗಳೂ ಕತ್ತರಿಸಿಟ್ಟಂತೆ ಬಂದವು. ಎಫ್ 22ಕ್ಕೆ ಹೋದಾಗ ಮೆದುವಾದವು. ಅಷ್ಟು ಚಿಕ್ಕ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ ಅದು ಎಲ್ಲ ಲೆನ್ಸುಗಳ ಹಣೆಬರಹ. ಕ್ಯಾಮೆರಾ ತಾನೇ ಮಾಡಿದ ಫೋಕಸ್‌ಗೂ, ಪರದೆಯಲ್ಲಿ ಹಿಗ್ಗಿಸಿ ನಾನು ಕೈಯಿಂದ ಮಾಡಿದ ಫೋಕಸ್‌ಗೂ ವ್ಯತ್ಯಾಸ ಕಾಣಲಿಲ್ಲ. ಲೆನ್ಸಿನ ಮುಂದಿದ್ದ ಅಗ್ಗದ ಯುವಿ ಫಿಲ್ಟರ್ ತೆಗೆದಾಗ ಅಕ್ಷರಗಳು ಇನ್ನಷ್ಟು ಕಪ್ಪಾಗಿ ಎದ್ದು ನಿಂತವು. ಅದನ್ನು ಮತ್ತೆ ಹಾಕಿಲ್ಲ.

ಮುಂದಿನ ಭಾನುವಾರ ಫಿಲ್ಟರ್ ಇಲ್ಲದೆ ಅದೇ ಜಾಗದಲ್ಲಿ ನಿಂತೆ. ಹತ್ತೂವರೆ ಗಂಟೆ. ಮತ್ತೆ ಅದೇ ಮಬ್ಬು.

ಈ ಸಲ ಅಲ್ಲೇ ಕುಳಿತು ಒಂದೊಂದಾಗಿ ನೋಡಿದೆ. ದಡದಲ್ಲಿ ನಿದ್ದೆ ಮಾಡುತ್ತಿದ್ದ ಹೆಜ್ಜಾರ್ಲೆಯೊಂದರ ಹತ್ತು ಚಿತ್ರಗಳನ್ನು 1/2000 ಸೆಕೆಂಡ್ ವೇಗದಲ್ಲಿ ಒಂದೇ ಉಸಿರಿಗೆ ತೆಗೆದಿದ್ದೆ. ಒಂದರಲ್ಲಿ ಕೊಕ್ಕಿನ ಅಂಚು ಅಲೆಯಂತೆ ಬಾಗಿತ್ತು, ಮುಂದಿನದರಲ್ಲಿ ಅಂಚು ನೇರವಾಗಿದ್ದು ಕತ್ತು ಕದಡಿತ್ತು. ಅಲುಗದ ಹಕ್ಕಿಯ ಚಿತ್ರ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಕೆಡುವುದಾದರೆ ತಪ್ಪು ಲೆನ್ಸಿನದಲ್ಲ, ಫೋಕಸಿನದಲ್ಲ. ನಡುವೆ ಏನೋ ಚಲಿಸುತ್ತಿದೆ. ಕ್ಯಾಮೆರಾವನ್ನು ಮತ್ತೆ ಹಕ್ಕಿಯತ್ತ ತಿರುಗಿಸಿ, ಪರದೆಯಲ್ಲಿನ ನೇರ ನೋಟವನ್ನು ಪೂರ್ತಿ ಹಿಗ್ಗಿಸಿದೆ. ಕಾದ ದೋಸೆ ಕಾವಲಿಯ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ ಹಕ್ಕಿಯೇ ಸಣ್ಣಗೆ ನಡುಗುತ್ತಿತ್ತು!

ನಾನು ನಿಂತಿದ್ದ ಕಡೆಯಿಂದ ಹಕ್ಕಿಯವರೆಗಿನ ನೋಟ ಏರಿಯ ಕಲ್ಲುಗಳನ್ನು ಸವರಿಕೊಂಡೇ ಹೋಗುತ್ತಿತ್ತು. ಬಿಸಿಲಿಗೆ ಕಾದ ಕಲ್ಲಿನಿಂದ ಏಳುವ ಬಿಸಿಗಾಳಿ ತಣ್ಣನೆಯ ಗಾಳಿಯೊಂದಿಗೆ ಬೆರೆಯುವಾಗ ಬೆಳಕು ಕ್ಷಣಕ್ಕೊಂದು ಕಡೆ ಬಾಗುತ್ತದೆ. ನಡುವಿನ ದೂರ ಹೆಚ್ಚಿದಷ್ಟೂ ಚಿತ್ರ ಹೆಚ್ಚು ಕದಡುತ್ತದೆ. ತಾರಸಿಯ ಎಂಟು ಮೀಟರ್‌ನಲ್ಲಿ ಅದು ಕಾಣಿಸದಿದ್ದುದು ಇದಕ್ಕೇ. ಎಷ್ಟು ಬೆಲೆಯ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ ತಂದಿತು. ದುಬಾರಿ ಲೆನ್ಸ್ ಕೊಳ್ಳಲು ಹಣ ಹೊಂದಿಸುತ್ತಿದ್ದೆ, ಕೈಬಿಟ್ಟೆ. ಚಳಿಗಾಲದ ಮುಂಜಾನೆ ನೀರಿಗಿಂತ ಗಾಳಿ ತಣ್ಣಗಿದ್ದಾಗಲೂ ಹೀಗಾಗುತ್ತದೆ. ಕೆರೆಯಿಂದ ಆವಿ ಏಳುತ್ತಿದ್ದರೆ ದೂರದ ಹಕ್ಕಿಗೆ ನಾನು ಕೈ ಹಾಕುವುದಿಲ್ಲ.

ಮೂರನೆಯ ಭಾನುವಾರ ಸೂರ್ಯ ಮೂಡಿ ಅರ್ಧ ಗಂಟೆಯೊಳಗೆ, ಕಲ್ಲು ಕಾಯುವ ಮುನ್ನ, ನೀರಿನ ಅಂಚಿಗೇ ಇಳಿದು ಕುಳಿತೆ. ಬೆಳಕು ಕಡಿಮೆಯಿದ್ದುದರಿಂದ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಹೆಚ್ಚಿಸಿ ಐಎಸ್ಒ 1600 ಇಡಬೇಕಾಯಿತು. ಕ್ಯಾಮೆರಾ ತಾನೇ ಸಿದ್ಧಪಡಿಸಿದ ಜೆಪಿಇಜಿ ಚಿತ್ರದಲ್ಲಿ, ಸಂವೇದನೆ ಹೆಚ್ಚಿಸಿದಾಗ ಮೂಡುವ ಕಾಳುಕಾಳಾದ ಕಲೆಗಳನ್ನು ಒರೆಸುವ ಭರದಲ್ಲಿ ಗರಿಗಳೂ ಒರೆಸಿಹೋಗಿದ್ದವು. ಕ್ಯಾಮೆರಾ ತಿದ್ದದೆ ಉಳಿಸಿದ ಕಚ್ಚಾ ಕಡತ (ರಾ ಫೈಲ್) ತೆರೆದು ಆ ಒರೆಸುವಿಕೆಯನ್ನು ತಗ್ಗಿಸಿದೆ, ಗರಿಗಳು ಮರಳಿ ಬಂದವು. ಇಪ್ಪತ್ತು ಮೀಟರ್ ದೂರಕ್ಕೆ ತೇಲಿ ಬಂದ ಒಂದು ಹೆಜ್ಜಾರ್ಲೆ ಕತ್ತು ತಿರುಗಿಸಿ ನಿಂತಿತ್ತು. ಮಾವನ ಎದುರು ಆ ಚಿತ್ರವನ್ನು ಹಿಗ್ಗಿಸಿದೆ. ಅವರು ಕನ್ನಡಕ ಮೇಲೇರಿಸಿ, ಬೆರಳಿಟ್ಟು, ಕೊಕ್ಕಿನ ಚುಕ್ಕೆಗಳನ್ನು ಒಂದೊಂದಾಗಿ ಎಣಿಸತೊಡಗಿದರು.