ಅಪ್ಪನ ತಾಳಮದ್ದಳೆ ರೆಕಾರ್ಡಿಂಗ್‌ಗಾಗಿ ಮನೆಯಲ್ಲೇ ಒಂದು ಸರ್ವರ್

ನಮ್ಮನೆಯಲ್ಲಿ ಜೋಪಾನ ಮಾಡಬೇಕಾದ ಫೈಲ್‌ಗಳು ಮೂರು ಬಗೆ. ಎಲ್ಲರ ಫೋನಿನ ಫೋಟೊ, ಜಮೀನಿನ ಕಾಗದಪತ್ರಗಳ ಸ್ಕ್ಯಾನ್, ಮತ್ತೆ ಅಪ್ಪ ವರ್ಷಗಟ್ಟಲೆ ಕೂಡಿಟ್ಟ ತಾಳಮದ್ದಳೆ ರೆಕಾರ್ಡಿಂಗ್. ಪಹಣಿ ಹೋದರೆ ಮತ್ತೆ ತೆಗೆಸಬಹುದು. ಒಂದು ರಾತ್ರಿಯ ಅರ್ಥಗಾರಿಕೆ ಹೋದರೆ ಹೋಯಿತು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಫೋಟೊಗಳನ್ನೆಲ್ಲ ಪುಕ್ಕಟೆ 15 ಜಿಬಿ ಲೆಕ್ಕಕ್ಕೆ ಸೇರಿಸಿತಲ್ಲ, ಆಮೇಲೆ ಫೋಟೊಗಳಿಗೂ ಜಾಗ ಸಾಲದಾಯಿತು. ಎಲ್ಲವನ್ನೂ ಮನೆಯಲ್ಲೇ ಒಂದು ಕಡೆ ಇಡೋಣ ಅಂತ ಹೊರಟೆ.

ಮನೆಯವರಿಗೆಲ್ಲ ಫೈಲ್ ಹಂಚುವ ರೆಡಿಮೇಡ್ ನ್ಯಾಸ್ ಪೆಟ್ಟಿಗೆ ಕೊಳ್ಳಲಿಲ್ಲ. ಆಫೀಸಿನವರು ಮಾರಿದ್ದ ಆರನೇ ತಲೆಮಾರಿನ ಐ5 ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್. ಫೈಲ್ ಹಂಚೋಕೆ ಇದೇ ಜಾಸ್ತಿ. ಚಿಕ್ಕ ಎಸ್‌ಎಸ್‌ಡಿಗೆ ಓಪನ್‌ಮೀಡಿಯಾವಾಲ್ಟ್ ಹಾಕಿದೆ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ಫೈಲ್ ಸರ್ವರ್ ತಂತ್ರಾಂಶ ಅದು, ಬ್ರೌಸರ್‌ನಲ್ಲೇ ಎಲ್ಲ ಸೆಟ್ಟಿಂಗ್ ಸಿಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್, ಪಾಸ್‌ವರ್ಡ್ ಕೊಟ್ಟೆ. ಪಾಸ್‌ವರ್ಡ್ ಇಲ್ಲದ ಶೇರ್ ತೆರೆಯೋಕೆ ಈಚಿನ ವಿಂಡೋಸ್ ಹೇಗೂ ತಕರಾರು ಮಾಡುತ್ತದೆ.

ಡಿಸ್ಕ್ ವಿಷಯದಲ್ಲಿ ನನ್ನ ದಾರಿ ಸ್ವಲ್ಪ ಬೇರೆ. 4 ಟಿಬಿಯ ಎರಡು ಡಿಸ್ಕ್ ತಂದೆ, ಆದರೆ ಎರಡರಲ್ಲೂ ಒಂದೇ ಸಲಕ್ಕೆ ಅದೇ ಫೈಲ್ ಬರೆಯುವ ರೇಡ್ ಮಿರರ್ ಮಾಡಲಿಲ್ಲ. ಮಿರರ್‌ನಲ್ಲಿ ಯಾರಾದರೂ ಒಂದು ಫೋಲ್ಡರ್ ಅಳಿಸಿದರೆ ಅದೇ ಕ್ಷಣ ಎರಡೂ ಡಿಸ್ಕ್‌ನಿಂದ ಹೋಗುತ್ತದೆ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನುವವರಿಗೆ ರೇಡ್ ಬೇಕು. ನಮ್ಮನೆಯಲ್ಲಿ ಎರಡು ದಿನ ನಿಂತರೆ ಯಾರ ಗಂಟೂ ಹೋಗಲ್ಲ. ಹಾಗಾಗಿ ಒಂದು ಡಿಸ್ಕ್ ಬಳಕೆಗೆ, ಇನ್ನೊಂದಕ್ಕೆ ದಿನಾ ರಾತ್ರಿ ಆರ್‌ಸ್ನ್ಯಾಪ್‌ಶಾಟ್ ಅನ್ನುವ ತಂತ್ರಾಂಶ ನಕಲು ಮಾಡುತ್ತದೆ. ಬದಲಾಗದ ಫೈಲ್‌ಗಳನ್ನು ಅದು ಮತ್ತೆ ಬರೆಯುವುದಿಲ್ಲ, ಮೊದಲಿನ ನಕಲಿಗೇ ಇನ್ನೊಂದು ಹೆಸರು (ಹಾರ್ಡ್ ಲಿಂಕ್) ಇಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಹಳೆಯ ದಿನಗಳ ನಕಲುಗಳಿದ್ದರೂ ಜಾಗ ಅಷ್ಟೇನೂ ತಿನ್ನುವುದಿಲ್ಲ. ಹೋದ ವಾರದ ಫೋಲ್ಡರ್ ಹೇಗಿತ್ತೋ ಹಾಗೇ ಸಿಗುತ್ತದೆ.

ಇನ್ನು ಕಾಪಿ ಮಾಡುವ ಕೆಲಸ. ಫೋಟೊಗಳೆಲ್ಲ ಸಲೀಸಾಗಿ ಹೋದವು. ಅಪ್ಪನ ಫೋಲ್ಡರ್‌ನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಫೈಲ್ ಹೋಗಲು ಒಪ್ಪಲಿಲ್ಲ. ಡಿಸ್ಕ್ ಚೆನ್ನಾಗಿತ್ತು, ಪರ್ಮಿಷನ್ ಸರಿಯಿತ್ತು. ತೊಂದರೆ ಇದ್ದದ್ದು ಹೆಸರಿನಲ್ಲಿ! ಅಪ್ಪ ಪ್ರಸಂಗ, ಭಾಗವತರು, ಎಲ್ಲ ಅರ್ಥಧಾರಿಗಳು, ಊರು, ತಾರೀಕು ಇಷ್ಟನ್ನೂ ಕನ್ನಡದಲ್ಲೇ ಫೈಲಿನ ಹೆಸರಿಗೆ ತುಂಬುತ್ತಾರೆ. ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡಲು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪದ್ಧತಿ ಒಂದು ಹೆಸರಿಗೆ 255 ಕ್ಯಾರೆಕ್ಟರ್ ಕೊಡುತ್ತದೆ. ಲಿನಕ್ಸ್‌ನ ಎಕ್ಸ್ಟ್4 ಕೊಡುವುದು 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಲಕ್ಷ್ಮಿ’ ಅನ್ನುವುದನ್ನೇ ತಗೊಳ್ಳಿ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಒಳಗೆ ಲ, ಕ, ವಿರಾಮ (ಸ್ವರ ತೆಗೆಯುವ ಗುರುತು), ಷ, ಮತ್ತೊಂದು ವಿರಾಮ, ಮ, ಗುಡಿಸು ಅಂತ ಏಳು ಚಿಹ್ನೆ, ಅಂದರೆ 21 ಬೈಟ್. ಒತ್ತಕ್ಷರ ತುಂಬಿದ ನಾಲ್ಕೈದು ಅರ್ಥಧಾರಿಗಳ ಹೆಸರು ಬರೆದರೆ 255 ದಾಟದೆ ಇರುತ್ತಾ? ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಈ ಗೋಡೆ ಎದುರಾಗುವುದೇ ಅಪರೂಪ.

ಅಪ್ಪನನ್ನು ಒಪ್ಪಿಸುವುದು ಲಿನಕ್ಸ್ ಒಪ್ಪಿಸುವುದಕ್ಕಿಂತ ಕಷ್ಟ. ‘ಹೆಸರು ಕತ್ತರಿಸಿದ್ರೆ ಯಾರು ಮಾತಾಡಿದ್ದು ಅಂತ ಹೇಗೋ ಗೊತ್ತಾಗೋದು?’ ಅಂದರು. ನ್ಯಾಯವೇ. ಕೊನೆಗೆ ವರ್ಷ-ತಿಂಗಳು-ದಿನ, ಊರು, ಪ್ರಸಂಗ ಇಷ್ಟು ಹೆಸರಿನಲ್ಲಿ. ಉಳಿದ ವಿವರಕ್ಕೆ ಅದೇ ಹೆಸರಿನ ಒಂದು ಟೆಕ್ಸ್ಟ್ ಫೈಲ್ ಪಕ್ಕದಲ್ಲಿ. ಈಗ ಅದರಲ್ಲಿ ಮದ್ದಳೆಯವರು, ಚೆಂಡೆಯವರು ಎಲ್ಲರೂ ಬಂದು ಕೂತಿದ್ದಾರೆ.

ನೆಟ್‌ವರ್ಕ್‌ಗೆ ಒಂದೇ ಮಾತು. ಬ್ರಾಡ್‌ಬ್ಯಾಂಡ್ ಜೊತೆ ಬರುವ ಎಷ್ಟೋ ರೌಟರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು. ಸೆಕೆಂಡಿಗೆ 11 ಎಂಬಿ ಹೋದರೆ ಹೆಚ್ಚು. 100 ಜಿಬಿಗೆ ಎರಡೂವರೆ ಗಂಟೆ. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಹಾಕಿ, ಎಂಟೂ ತಂತಿ ಜೋಡಿಸಿದ ಕ್ಯಾಟ್5ಇ ಕೇಬಲ್ ಎಳೆದರೆ ಅದೇ ಕೆಲಸ ಕಾಲು ಗಂಟೆ.

ಕರೆಂಟ್ ಬಗ್ಗೆ ಮಾತ್ರ ತುಂಬಾ ತಲೆ ಕೆಡಿಸಿಕೊಂಡೆ. ಮಲೆನಾಡಿನ ಮಳೆಗಾಲದಲ್ಲಿ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ಮುಗೀತು. ಮನೆಯ ಇನ್ವರ್ಟರ್ ಇದೆಯಲ್ಲ ಅನ್ನಬಹುದು. ಅದನ್ನು ಯುಪಿಎಸ್ ಮೋಡ್‌ಗೆ ಹಾಕಿರದಿದ್ದರೆ ಬದಲಾಗುವ ಆ ಚಿಟಿಕೆಯಲ್ಲಿ ಕಂಪ್ಯೂಟರ್ ಆಫ್ ಆಗಬಹುದು. ನಾನು ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಹುಡುಕಿ ತಂದೆ. ಕರೆಂಟ್ ಹೋಗಿದೆ ಅಂತ ಅದು ಸರ್ವರ್‌ಗೆ ತಿಳಿಸಬೇಕು, ಅದೇ ಮುಖ್ಯ. ನಟ್ ಅನ್ನುವ ತಂತ್ರಾಂಶ ಅದನ್ನು ಕೇಳಿಸಿಕೊಂಡು ಐದು ನಿಮಿಷ ಕಾದು ಮರ್ಯಾದೆಯಿಂದ ಶಟ್‌ಡೌನ್ ಮಾಡುತ್ತದೆ.

ಮತ್ತೆ ಆನ್ ಆಗುವುದರಲ್ಲಿ ಒಂದು ತಿರುವಿದೆ. ಕರೆಂಟ್ ಬಂದಾಗ ತಾನೇ ಆನ್ ಆಗುವ ಸೆಟ್ಟಿಂಗ್, ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಬಯೋಸ್ ತಂತ್ರಾಂಶದಲ್ಲಿದೆ. ಆದರೆ ಸರ್ವರ್ ಆಫ್ ಆದ ಮೇಲೂ ಯುಪಿಎಸ್‌ನಲ್ಲಿ ಬ್ಯಾಟರಿ ಉಳಿದಿದ್ದು ಅಷ್ಟರಲ್ಲಿ ಕರೆಂಟ್ ಬಂದರೆ, ಕರೆಂಟ್ ಹೋಗಿತ್ತು ಅಂತಲೇ ಬಯೋಸ್‌ಗೆ ಗೊತ್ತಾಗಲ್ಲ. ಸುಮ್ನೆ ಮಲಗಿರುತ್ತದೆ. ಇದಕ್ಕೆ ಬಯೋಸ್‌ನ ಅಲಾರಂ ಬಳಸಿದೆ. ದಿನಾ ಬೆಳಿಗ್ಗೆ ಆರಕ್ಕೆ ಏಳುತ್ತದೆ, ರಾತ್ರಿ ಹನ್ನೊಂದಕ್ಕೆ ನಕಲು ಮುಗಿಸಿ ಮಲಗುತ್ತದೆ. ಪ್ಲಗ್ ಮೀಟರ್‌ನಲ್ಲಿ ಅಳೆದರೆ ಸುಮಾರು 30 ವಾಟ್. ಹಗಲು ರಾತ್ರಿ ಇಟ್ಟರೆ ತಿಂಗಳಿಗೆ 22 ಯೂನಿಟ್ ಆಗುತ್ತಿತ್ತು, ಈಗ 15. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಗಡಿಯಲ್ಲಿರುವ ಮನೆಗೆ ಈ ಏಳು ಯೂನಿಟ್ ಸಣ್ಣದಲ್ಲ.

ಹೊರಗಿನಿಂದ ಫೈಲ್ ಬೇಕಾದಾಗ ಟೈಲ್‌ಸ್ಕೇಲ್, ನಮ್ಮ ಸಾಧನಗಳನ್ನಷ್ಟೇ ಬೆಸೆಯುವ ಖಾಸಗಿ ನೆಟ್‌ವರ್ಕ್. ರೌಟರ್‌ನಲ್ಲಿ 445ನೇ ಪೋರ್ಟ್ ತೆರೆದು ಸಾಂಬಾವನ್ನು (ಸರ್ವರ್‌ನಲ್ಲಿ ಫೈಲ್ ಹಂಚುವ ತಂತ್ರಾಂಶ) ಇಂಟರ್ನೆಟ್‌ಗೆ ಬಿಡಬೇಡಿ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಹರಡಿದ್ದು ವಿಂಡೋಸ್‌ನಲ್ಲಿ ಇದೇ ಬಾಗಿಲಿನಿಂದ. ಫೋಟೊಗಳಿಗೆ ಇಮ್ಮಿಚ್ ಅನ್ನುವ ತಂತ್ರಾಂಶ ಹಾಕಿದ್ದೇನೆ. ಅಮ್ಮನ ಫೋನಿನಿಂದ ತಾನಾಗಿಯೇ ಬರುತ್ತವೆ, ಅವರಿಗೆ ಸರ್ವರ್ ಇದೆ ಅನ್ನುವ ನೆನಪೂ ಇಲ್ಲ.

ಮೂರನೇ ಪ್ರತಿ ಒಂದು ಯುಎಸ್‌ಬಿ ಡಿಸ್ಕ್‌ನಲ್ಲಿ ಅಕ್ಕನ ಮನೆಯಲ್ಲಿದೆ. ಸಿಡಿಲಿಗೆ ಇಲ್ಲಿನ ಎರಡೂ ಡಿಸ್ಕ್ ಒಟ್ಟಿಗೇ ಹೋಗಬಹುದು, ಅಲ್ವಾ. ಹಬ್ಬಕ್ಕೆ ಬರುವಾಗ ಅದನ್ನು ತರುತ್ತಾಳೆ, ಹೊಸದನ್ನು ತುಂಬಿಸಿ ಕಳಿಸುತ್ತೇನೆ. ತುಂಬಿಸುವ ಮೊದಲು ಅದರಿಂದಲೇ ಯಾವುದೋ ಒಂದು ರೆಕಾರ್ಡಿಂಗ್ ತೆಗೆದು ನಡುವಿನಿಂದ ಹಾಕುತ್ತೇನೆ. ಯಾರ ದನಿ ಅಂತ ಅಪ್ಪ ಹೇಳಿದರೆ ಡಿಸ್ಕ್ ಪಾಸ್.