ನೆಟ್ಟಗೆ ಕೂರಲು ಮೊದಲು ಪಾದ ನೋಡಿಕೊಳ್ಳಿ

ಕಚೇರಿಯಲ್ಲಿ ಯಾರಾದರೂ ಬೆನ್ನುನೋವು ಎಂದರೆ ಸಾಕು, ‘ನೆಟ್ಟಗೆ ಕೂತ್ಕೊಳ್ರೀ’ ಎಂಬ ಸಲಹೆ ಪಕ್ಕದ ಮೇಜಿನಿಂದ ಬಂದೇ ಬರುತ್ತದೆ. ಕೇಳಿದವರು ಎದೆಯುಬ್ಬಿಸಿ, ಭುಜಗಳನ್ನು ಹಿಂದಕ್ಕೆಳೆದು ಪೆರೇಡಿನಲ್ಲಿ ನಿಂತವರಂತೆ ಸೆಟೆದು ಕೂರುತ್ತಾರೆ. ಎರಡನೆಯ ಇ-ಮೇಲ್ ತೆರೆಯುವಷ್ಟರಲ್ಲಿ ಮತ್ತೆ ಸೀಗಡಿಯಂತೆ ಬಾಗಿರುತ್ತಾರೆ. ಬೆನ್ನಿನ ಸ್ನಾಯುಗಳನ್ನು ಬಿಗಿಹಿಡಿದು ಎಂಟು ಗಂಟೆ ಕೂರಲು ಯಾರಿಂದಲೂ ಆಗದು. ಬೆನ್ನು ತಾನಾಗಿ ನೆಟ್ಟಗಿರಬೇಕಾದರೆ ಪಾದದಿಂದ ಮೇಲಕ್ಕೆ ಸರಿಪಡಿಸುತ್ತಾ ಬರಬೇಕು.

ಮೊದಲಿಗೆ, ಪ್ಯಾಂಟಿನ ಹಿಂಜೇಬಿನಲ್ಲಿರುವ ಪರ್ಸನ್ನು ತೆಗೆದು ಮೇಜಿನ ಡ್ರಾಯರಿಗೆ ಹಾಕಿ. ಅದರ ಮೇಲೆ ಕೂತರೆ ಸೊಂಟ ಒಂದು ಕಡೆಗೆ ವಾಲುತ್ತದೆ.

ಎರಡನೆಯದು ಕುರ್ಚಿಯ ಎತ್ತರ. ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ಕಚೇರಿಯ ಮೇಜುಗಳೂ ಮನೆಯ ಊಟದ ಮೇಜುಗಳೂ ಸಾಮಾನ್ಯವಾಗಿ ಸುಮಾರು 75 ಸೆಂಟಿಮೀಟರ್ ಎತ್ತರವಿರುತ್ತವೆ. ಐದು ಅಡಿ ಆಸುಪಾಸಿನವರಿಗೆ ಇದು ಹೆಚ್ಚೇ ಆಯಿತು. ಪಾದ ನೆಲಕ್ಕೆ ತಾಗಲೆಂದು ಅವರು ಕುರ್ಚಿ ಇಳಿಸಿದರೆ ಭುಜಗಳು ಕಿವಿಯತ್ತ ಏರುತ್ತವೆ. ಏರಿಸಿದರೆ ಕಾಲು ತೂಗಾಡುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಕುರ್ಚಿಯ ಚಕ್ರದ ಕಾಲಿಗೆ ಪಾದದ ತುದಿ ಸಿಕ್ಕಿಸಿಕೊಂಡು, ಆಸನದ ಅಂಚಿಗೆ ಜಾರಿ ಕೂತು ವರ್ಷಗಟ್ಟಲೆ ಕೆಲಸ ಮಾಡಿದರು. ಅವರ ಕುರ್ಚಿಯ ಒರಗು ಹೊಸದರಂತೆಯೇ ಉಳಿದಿತ್ತು.

ಆದ್ದರಿಂದ ಎತ್ತರವನ್ನು ಪಾದದಿಂದ ಅಳೆಯದೆ ಮೊಣಕೈಯಿಂದ ಅಳೆಯಿರಿ. ಭುಜಗಳನ್ನು ಸಡಿಲ ಬಿಟ್ಟು, ಮೊಣಕೈಯನ್ನು ಪಕ್ಕೆಯ ಬಳಿ ಮಡಚಿ, ಮುಂಗೈ ಮೇಜಿನ ಮಟ್ಟಕ್ಕೆ ಬರುವವರೆಗೆ ಕುರ್ಚಿಯನ್ನು ಏರಿಸಿ. ಈಗ ಕಾಲು ತೂಗಾಡಿದರೆ ಕುರ್ಚಿಯನ್ನು ಇಳಿಸಲು ಹೋಗಬೇಡಿ, ನೆಲವನ್ನೇ ಮೇಲೆ ತನ್ನಿ. ಊಟಕ್ಕೆ ಕೂರುವ ಹಳೆಯ ಮಣೆಗಿಂತ ಒಳ್ಳೆಯ ಪಾದಪೀಠವನ್ನು ನಾನು ಕಂಡಿಲ್ಲ. ಅದನ್ನು ಕಚೇರಿಗೆ ಒಯ್ಯಲು ಸಂಕೋಚವಾದರೆ ಎ4 ಕಾಗದದ ಎರಡು ಕಟ್ಟುಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ.

ಇನ್ನು ಸೊಂಟ. ಸ್ವಲ್ಪ ಎದ್ದು, ಮುಂದಕ್ಕೆ ಬಾಗಿ, ಒರಗು ಮತ್ತು ಆಸನ ಸೇರುವ ಮೂಲೆಯವರೆಗೆ ಪೃಷ್ಠವನ್ನು ತಳ್ಳಿ ಕೂರಿ. ಅಂಗೈಗಳನ್ನು ಕೆಳಗಿಟ್ಟುಕೊಂಡರೆ ಎರಡು ಗಟ್ಟಿ ಮೂಳೆಗಳು ಕೈಗೆ ಸಿಗುತ್ತವೆ. ಸೊಂಟವನ್ನು ಮೆಲ್ಲಗೆ ಹಿಂದೆ ಮುಂದೆ ಉರುಳಿಸಿ, ಭಾರವೆಲ್ಲ ಆ ಎರಡು ಮೂಳೆಗಳ ಮೇಲೆ ನೇರವಾಗಿ ಬೀಳುವ ಕಡೆ ನಿಲ್ಲಿಸಿ. ಅಲ್ಲಿಂದ ಹಿಂದಕ್ಕೆ ಜಾರಿದರೆ ಭಾರ ಬಾಲಮೂಳೆಯತ್ತ ಸರಿದು ಬೆನ್ನು ಗೂನಾಗುತ್ತದೆ. ಜಾರದಂತೆ ತಡೆಯಲು ಕೈ ಒರೆಸುವ ಟವೆಲನ್ನು ಮುಂಗೈ ದಪ್ಪಕ್ಕೆ ಸುತ್ತಿ, ಬೆಲ್ಟ್ ಕಟ್ಟುವ ಮಟ್ಟದಲ್ಲಿ ಬೆನ್ನ ಹಿಂದೆ ಸಿಕ್ಕಿಸಿ. ಅದಕ್ಕಿಂತ ಮೇಲಿಟ್ಟರೆ ಅದು ಬೆನ್ನನ್ನು ಮುಂದಕ್ಕೆ ದೂಡುತ್ತದೆಯೇ ಹೊರತು ಸೊಂಟಕ್ಕೆ ಆಸರೆಯಾಗುವುದಿಲ್ಲ. ಮೊಣಕಾಲಿನ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಮೂರು ನಾಲ್ಕು ಬೆರಳು ತೂರುವಷ್ಟು ಜಾಗವಿರಬೇಕು. ಇಲ್ಲವಾದರೆ ಆಸನ ನಿಮಗೆ ಉದ್ದವಾಯಿತು, ಟವೆಲಿನ ಬದಲು ದಿಂಬು ಇಡಿ.

ಭುಜಗಳನ್ನು ಹಿಂದಕ್ಕೆಳೆದು ಕಟ್ಟುವ ಪಟ್ಟಿಗಳ ಜಾಹೀರಾತು ಮೊಬೈಲಿನಲ್ಲಿ ದಿನವೂ ಕಾಣುತ್ತದೆ. ನಾನೂ ಒಂದನ್ನು ಕೊಂಡೆ. ಮೊದಲ ವಾರ ಹಿತವೆನಿಸಿತು, ಎರಡನೆಯ ವಾರ ಕಂಕುಳು ಕೆಂಪಾಯಿತು, ಕಟ್ಟಿಕೊಂಡ ಹೊತ್ತಿನಲ್ಲೂ ಸೊಂಟ ಮಾತ್ರ ಹಳೆಯ ಜಾಗದಲ್ಲೇ ಕುಸಿದಿತ್ತು. ಆ ದುಡ್ಡಿಗೆ ಒಂದು ಕೀಬೋರ್ಡ್ ಬರುತ್ತದೆ. ಮುಂದಿನ ಹೆಜ್ಜೆಗೆ ಅದು ಬೇಕೇ ಬೇಕು.

ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಸರಿಹೋದ ಎತ್ತರ ಕುತ್ತಿಗೆಗೆ ಸರಿಹೋಗುವುದಿಲ್ಲ. ನಮ್ಮ ತಲೆಯ ತೂಕ ನಾಲ್ಕೂವರೆಯಿಂದ 5 ಕಿಲೋ. ಅದನ್ನು 60 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋದಷ್ಟು ಭಾರ ಬೀಳುತ್ತದೆಂದು ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರ ಮೂಲಕ ಲೆಕ್ಕ ಹಾಕಿದ್ದರು. ಹಾಗಾಗಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಏರಿಸಿ, ತೋಳಿನಷ್ಟು ದೂರದಲ್ಲಿಟ್ಟು, ಪ್ರತ್ಯೇಕ ಕೀಬೋರ್ಡ್ ಮತ್ತು ಮೌಸ್ ಜೋಡಿಸಿ. ಏರಿಸಿದ ಲ್ಯಾಪ್‌ಟಾಪಿನ ಕೀಲಿಗಳನ್ನೇ ಕುಟ್ಟುವವರು ಕುತ್ತಿಗೆನೋವನ್ನು ಭುಜಕ್ಕೆ ವರ್ಗಾಯಿಸಿಕೊಂಡಂತೆ. ಕನ್ನಡಕದ ಕೆಳಭಾಗದಿಂದ ಓದುವವರು ಮಾತ್ರ ಪರದೆಯನ್ನು ಎರಡು ಮೂರು ಇಂಚು ತಗ್ಗಿಸಬೇಕು. ಇಲ್ಲದಿದ್ದರೆ ಗದ್ದ ಮೇಲೆತ್ತಿಯೇ ಓದಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅರ್ಧ ಗಂಟೆಗೊಮ್ಮೆ ಏಳಲೇಬೇಕು. ಫೋನಿನ ಅಲಾರಂಗಿಂತ ನೀರಿನ ಬಾಟಲಿಯನ್ನು ಕೈಬಿಟ್ಟು ಸಣ್ಣ ಲೋಟ ಇಟ್ಟುಕೊಳ್ಳುವುದು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ; ಲೋಟ ಬರಿದಾದಾಗಲೆಲ್ಲ ತಾನೇ ಎಬ್ಬಿಸುತ್ತದೆ.

ಕೈಕಾಲಿನಲ್ಲಿ ಜೋಮು, ಸೆಳೆತ ಅಥವಾ ಬಲ ಕುಂದಿದಂತಹ ಲಕ್ಷಣಗಳು ಕಾಣಿಸಿಕೊಂಡಿದ್ದರೆ ಕುರ್ಚಿ, ಟವೆಲುಗಳ ಪ್ರಯೋಗವನ್ನು ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಿ.