ಕಾರಿಗೆ ಹೆಡರ್ಸ್ ಹಾಕಿಸಬೇಕೇ? ದುಡ್ಡು ಬಿಚ್ಚುವ ಮೊದಲು ನೋಡಬೇಕಾದ್ದು

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರು ಸೇರುವಷ್ಟರಲ್ಲಿ ಟರ್ಬೊ ಇಲ್ಲದ ಯಾವುದೇ ಪೆಟ್ರೋಲ್ ಕಾರು ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಅಷ್ಟೇ. 2011ರಲ್ಲಿ ಬಂದ ಸ್ವಿಫ್ಟ್‌ನ 1.2 ಲೀಟರ್ ಎಂಜಿನ್‌ಗೆ ಕಂಪನಿ ಹೇಳಿದ್ದು 87 ಪಿಎಸ್ (ಅಶ್ವಶಕ್ತಿಯಂಥದೇ ಅಳತೆ). ಬೆಂಗಳೂರಿನಲ್ಲಿ ಅದು 79ರ ಆಸುಪಾಸು. ಓಡಿಸುವವರಲ್ಲಿ ಬಹುತೇಕರಿಗೆ ಅದು ಗೊತ್ತೇ ಆಗುವುದಿಲ್ಲ. ಹೆಡರ್ಸ್ ಎಂದರೆ ಎಂಜಿನ್‌ನ ಹೊಗೆ ಹೊರತರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಬ ಭಾಗದ ಬದಲಿಗೆ ಹಾಕುವ, ಸಿಲಿಂಡರ್‌ಗೊಂದರಂತೆ ಬಂದು ಮುಂದೆ ಕೂಡುವ ಪೈಪ್‌ಗಳು. ಅದೇ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಡಬ್ಬಿ, ಚುಟುಕಾಗಿ ಕ್ಯಾಟ್) ಉಳಿಸಿಕೊಂಡು ಒಳ್ಳೆಯ ಹೆಡರ್ಸ್ ಹಾಕಿಸಿದರೆ ಸಾಮಾನ್ಯವಾಗಿ ಸಿಗುವುದು ಶೇ. 3ರಿಂದ 5, ಎಂದರೆ ಮೂರ್ನಾಲ್ಕು ಪಿಎಸ್. ಅದೂ ಹೆಚ್ಚಾಗಿ 4,000 ಆರ್‌ಪಿಎಂ ದಾಟಿದ ಮೇಲೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎರಡನೇ ಗೇರ್ ಹಾಕಿಕೊಂಡು ಕೂರುವ ಕಾರಿಗೆ ಈ ಖರ್ಚು ದಂಡ. ಆಟೋಕ್ರಾಸ್‌ಗೋ, ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಒಯ್ಯುವ ಕಾರಾದರೆ ಮುಂದೆ ಓದಿ.

ಮೊದಲ ಪ್ರಶ್ನೆ: ಬದಲಿಸಲು ಮ್ಯಾನಿಫೋಲ್ಡ್ ಇದೆಯೇ?

ಕೆಲವು ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆ ಭಾಗವಾಗಿಯೇ ಇರುವುದಿಲ್ಲ, ಸಿಲಿಂಡರ್ ಹೆಡ್‌ನೊಳಗೇ ಎರಕಗೊಂಡಿರುತ್ತದೆ. ವರ್ಟಸ್, ಟೈಗುನ್‌ಗಳ 1.0 ಟಿಎಸ್‌ಐ ಹಾಗೆ, ಎಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಹಾಗೆ, 2006ರ ಹೋಂಡಾ ಸಿವಿಕ್‌ನ 1.8 ಕೂಡ ಹಾಗೆಯೇ. ಇವಕ್ಕೆ "ಹೆಡರ್ಸ್" ಎಂದು ಮಾರುವುದು ಬರೀ ಮುಂದಿನ ಪೈಪ್. ಟರ್ಬೊ ಕಾರುಗಳಲ್ಲಿ ಲಾಭವಿದ್ದರೆ ಅದು ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಡುವ ಪೈಪ್) ಮತ್ತು ರೀಮ್ಯಾಪ್‌ನಲ್ಲಿ (ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸುವುದು). ಹೆಡರ್ಸ್‌ಗೆ ನಿಜವಾದ ಜಾಗ ಟರ್ಬೊ ಇಲ್ಲದ, ಹಳೆಯ ಬೀಡು ಕಬ್ಬಿಣದ ಮೋಟು ಮ್ಯಾನಿಫೋಲ್ಡ್ ಇರುವ ಪೆಟ್ರೋಲ್ ಎಂಜಿನ್‌ಗಳಲ್ಲಿ. ಕಾರು ಹಳೆಯದಾದಷ್ಟೂ ಲಾಭ ಹೆಚ್ಚು.

ಎರಡನೆಯದು ಕ್ಯಾಟ್ ಎಲ್ಲಿದೆ ಎಂಬುದು. ಬಾನೆಟ್ ಎತ್ತಿ ಹೀಟ್ ಶೀಲ್ಡ್ ಸಂದಿಯಲ್ಲಿ ಟಾರ್ಚ್ ಬಿಡಿ. ಎಂಜಿನ್‌ಗೆ ಒತ್ತಿಕೊಂಡು ದಪ್ಪ ಡಬ್ಬಿಯಂಥದ್ದು ಕಂಡರೆ, ಅದರ ಮೇಲೊಂದು ಕೆಳಗೊಂದು ಆಕ್ಸಿಜನ್ ಸೆನ್ಸಾರ್ ಇದ್ದರೆ, ಮ್ಯಾನಿಫೋಲ್ಡ್ ಮತ್ತು ಕ್ಯಾಟ್ ಒಂದೇ ತುಂಡು. 2017ರ ಏಪ್ರಿಲ್‌ನಲ್ಲಿ ಬಿಎಸ್4 ಹೊಗೆ ಮಾನದಂಡ ದೇಶವಿಡೀ ಬಂದ ಮೇಲಿನ ಕಾರುಗಳಲ್ಲಿ ಹೆಚ್ಚಾಗಿ ಇದೇ ಏರ್ಪಾಡು, 2020ರ ಬಿಎಸ್6 ನಂತರವಂತೂ ಹೇಳಬೇಕಾಗಿಲ್ಲ. ಇಂಥ ಕಾರಿಗೆ ಹೆಡರ್ಸ್ ಹಾಕಿದರೆ ಕ್ಯಾಟ್ ಹೋಗುತ್ತದೆ. "ಪಿಕಪ್ ಸಖತ್ ಆಯ್ತು" ಎನ್ನುವವರ ಲಾಭದಲ್ಲಿ ದೊಡ್ಡ ಪಾಲು ಕ್ಯಾಟ್ ತೆಗೆದದ್ದರದೇ ಹೊರತು ಹೆಡರ್ಸ್‌ನದಲ್ಲ.

ಕ್ಯಾಟ್ ಹೋದ ಮೇಲೆ ಪಿ0420 ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತುತ್ತದೆ. ಎಮಿಷನ್ ಟೆಸ್ಟ್‌ನಲ್ಲಿ ಬಿಎಸ್4ರಿಂದ ಈಚಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ. ಕ್ಯಾಟ್ ಇಲ್ಲದೆ ಪ್ರಾಮಾಣಿಕವಾಗಿ ಪಾಸಾಗುವುದು ಕಷ್ಟ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೊಗೆ-ಸದ್ದಿನ ಮಾನದಂಡ ಮೀರಿದ ವಾಹನ ಓಡಿಸಿದರೆ 190(2)ರಡಿ ಮೊದಲ ಸಲಕ್ಕೇ 3 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರ ಮೇಲೆ 182ಎ(4)ರಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಕ್ಯಾಟ್ ಮ್ಯಾನಿಫೋಲ್ಡ್‌ನಲ್ಲೇ ಇರುವ ಕಾರು ರಸ್ತೆಯ ಮೇಲೆ ಓಡುವುದಾದರೆ ಲೆಕ್ಕಾಚಾರ ಇಲ್ಲಿಗೇ ನಿಲ್ಲಿಸಿ.

ಹೊಗೆ ನಿಜವಾಗಿ ಎಲ್ಲಿ ಸಿಕ್ಕಿಕೊಂಡಿದೆ?

ಒಂದು ಲಕ್ಷ ಕಿಲೋಮೀಟರ್ ಓಡಿದ ಕಾರಿನಲ್ಲಿ ಅರ್ಧ ಕಟ್ಟಿಕೊಂಡ ಕ್ಯಾಟ್ ನುಂಗುವ ಶಕ್ತಿ ಹೆಡರ್ಸ್ ಕೊಡುವುದಕ್ಕಿಂತ ಹೆಚ್ಚು. ಅಳೆಯುವುದು ಸುಲಭ. ಮೇಲಿನ ಆಕ್ಸಿಜನ್ ಸೆನ್ಸಾರ್ ಬಿಚ್ಚಿ, ಆ ತೂತಿಗೆ ಅಡಾಪ್ಟರ್ ಹಾಕಿ ಪ್ರೆಷರ್ ಗೇಜ್ ಜೋಡಿಸಿ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ 0.1 ಬಾರ್ ಒಳಗೆ, 2,500 ಆರ್‌ಪಿಎಂನಲ್ಲಿ 0.2 ಬಾರ್ ಒಳಗೆ ಇದ್ದರೆ ಕ್ಯಾಟ್ ಉಸಿರಾಡುತ್ತಿದೆ. ಅದಕ್ಕಿಂತ ಹೆಚ್ಚು ಬಂದರೆ ಹೆಡರ್ಸ್ ಮಾತು ಬಿಟ್ಟು ಮೊದಲು ಅದನ್ನು ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದಂತೆ ನಿಂತುಹೋದರೆ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಗ್ಯಾಸ್ಕೆಟ್ ಹೋಗಿರಬಹುದು. ಹೇಗೂ ಮ್ಯಾನಿಫೋಲ್ಡ್ ಬದಲಿಸಲೇಬೇಕಾದ ಕಾರಿನಲ್ಲಿ ಹೆಡರ್ಸ್‌ನ ಲೆಕ್ಕ ಬೇರೆ: ಅಸಲಿ ಭಾಗದ ಬೆಲೆ ಕಳೆದು ಉಳಿದದ್ದಷ್ಟೇ ನಿಮ್ಮ ನಿಜವಾದ ಖರ್ಚು.

ಪೈಪಿನ ಅಳತೆ

ಮಾರುವವರು ಹೇಳದ ಸಂಗತಿ ಇದು, ಕೇಳಲೇಬೇಕಾದದ್ದೂ ಇದೇ. ಹೆಡರ್ಸ್‌ನ ಕೆಲಸ ಹೊಗೆಗೆ ದಾರಿ ಬಿಡುವುದಷ್ಟೇ ಅಲ್ಲ. ಒಂದು ಸಿಲಿಂಡರ್‌ನಿಂದ ನುಗ್ಗಿದ ಹೊಗೆಯ ಹೊಡೆತ ಪೈಪ್‌ಗಳು ಕೂಡುವ ಜಾಗ ತಲುಪಿದಾಗ ಒಂದು ಎಳೆತದ ಅಲೆ ಹಿಂದಕ್ಕೆ ಹೊರಡುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಂದಿಷ್ಟು ತೆರೆದಿರುವ ಗಳಿಗೆಗೆ ಸರಿಯಾಗಿ ಆ ಅಲೆ ವಾಪಸು ಬಂದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಉದ್ದ, ಸಪೂರ ಪೈಪ್‌ಗಳಲ್ಲಿ ಇದು ಮಧ್ಯದ ಆರ್‌ಪಿಎಂಗೆ ಕೂಡಿಬರುತ್ತದೆ, ಮೋಟು, ದಪ್ಪ ಪೈಪ್‌ಗಳಲ್ಲಿ ಮೇಲಿನ ಆರ್‌ಪಿಎಂಗೆ. ರಸ್ತೆ ಕಾರಿಗೆ 4-2-1 ಜೋಡಣೆಯೇ (ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗಿ ಕೂಡುವುದು) ಸೂಕ್ತ. ಸಿಲಿಂಡರ್‌ಗಳು ಸಿಡಿಯುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2 ಆದ್ದರಿಂದ 1 ಮತ್ತು 4, 2 ಮತ್ತು 3 ಜೋಡಿಯಾಗಿರಬೇಕು. 1 ಮತ್ತು 2ನ್ನು ಜೋಡಿಸಿ ಕೂರಿಸಿದ್ದು ಕಂಡರೆ ಅದು ಬೆಂಡ್ ಪೈಪ್, ಹೆಡರ್ಸ್ ಅಲ್ಲ.

1.2 ಲೀಟರ್ ಎಂಜಿನ್‌ಗೆ ಒಂದೊಂದು ಪೈಪಿನ ಒಳವ್ಯಾಸ 32 ಮಿ.ಮೀ. ಆಸುಪಾಸು ಸಾಕು. "ದೊಡ್ಡದಿದ್ದರೆ ಒಳ್ಳೇದಲ್ವಾ ಸಾರ್" ಎಂದು 42 ಮಿ.ಮೀ. ಒಳವ್ಯಾಸದ್ದು ಕೊಟ್ಟರೆ ಒಪ್ಪಬೇಡಿ: ಅಡ್ಡಳತೆಯ ವಿಸ್ತೀರ್ಣ ಶೇ. 70ರಷ್ಟು ಏರುತ್ತದೆ, ಹೊಗೆಯ ವೇಗ ಶೇ. 40ರಷ್ಟು ಇಳಿಯುತ್ತದೆ, 2,000-3,000 ಆರ್‌ಪಿಎಂನಲ್ಲಿ ಕಾರು ಮಂಕಾಗುತ್ತದೆ. ಫ್ಲೇಂಜ್ (ಹೆಡರ್ಸನ್ನು ಹೆಡ್‌ಗೆ ಬಿಗಿಯುವ ದಪ್ಪ ಪಟ್ಟಿ) ತೂತು, ಹೆಡ್‌ನಲ್ಲಿ ಹೊಗೆ ಹೊರಬರುವ ಪೋರ್ಟ್‌ಗಿಂತ ಕೂದಲೆಳೆ ದೊಡ್ಡದಿರಬೇಕು, ಎಂದೂ ಚಿಕ್ಕದಲ್ಲ. ಗ್ಯಾಸ್ಕೆಟ್ ಇಟ್ಟು ನೋಡಿ, ತಿಳಿದುಬಿಡುತ್ತದೆ.

ಲೋಹದ ವಿಷಯದಲ್ಲಿ ಅಯಸ್ಕಾಂತ ನಂಬಿ ಮೋಸಹೋಗುವವರು ಬಹಳ. ಅಂಟದಿದ್ದರೆ ಸ್ಟೇನ್‌ಲೆಸ್ ನಿಜ, ಆದರೆ ಅಗ್ಗದ 202 ದರ್ಜೆಯೂ 304ರಂತೆಯೇ ಅಂಟುವುದಿಲ್ಲ. ಅದು ಬೇಗ ತುಕ್ಕು ಹಿಡಿಯುತ್ತದೆ. ಗುಜರಿಯವರು ಎರಡನ್ನೂ ಬೇರೆ ಮಾಡಲು ಬಳಸುವ ಟೆಸ್ಟ್ ದ್ರಾವಣದ ಹನಿ ಹಾಕಿ ನೋಡಲು ಕೇಳಿ, ಬೇಡವೆಂದರೆ ಉತ್ತರ ಸಿಕ್ಕಿತು. 304 ಒಳ್ಳೆಯದೇ, ಆದರೆ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ: ಅರ್ಧ ಮೀಟರ್ ಪೈಪ್ 600 ಡಿಗ್ರಿ ಏರಿದರೆ 5 ಮಿ.ಮೀ.ಗೂ ಹೆಚ್ಚು. ಹಾಗಾಗಿ ಬಾಗುವ ಫ್ಲೆಕ್ಸ್ ಪೈಪ್ ಇಲ್ಲದ ಹೆಡರ್ಸ್ ವೆಲ್ಡಿಂಗ್ ಪಕ್ಕದಲ್ಲೇ ಸೀಳುತ್ತದೆ. ಅಡ್ಡ ಕೂತ ಎಂಜಿನ್ ಪ್ರತಿ ಸಲ ಕ್ಲಚ್ ಬಿಟ್ಟಾಗಲೂ ತೂಗಾಡುವುದು ಇದಕ್ಕೆ ಸೇರಿಕೊಳ್ಳುತ್ತದೆ. ಪೈಪಿನ ಗೋಡೆ 1.5 ಮಿ.ಮೀ., ಫ್ಲೇಂಜ್ 8ರಿಂದ 10 ಮಿ.ಮೀ. ಇರಲಿ. ಪೈಪಿಗೆ ಬಟ್ಟೆ ಸುತ್ತುವ ಶೋಕಿ ಬೇಡ. ಮಳೆಗಾಲದ ನೀರು ಅದರೊಳಗೆ ಕೂತು ಮೈಲ್ಡ್ ಸ್ಟೀಲನ್ನು ತಿನ್ನುತ್ತದೆ.

ಹಾಕಿಸುವಾಗ ಕೆಡುವುದು ಎಲ್ಲಿ

ಹಿಂದಿನ ರಾತ್ರಿಯೇ ಮ್ಯಾನಿಫೋಲ್ಡ್ ಹಿಡಿದಿರುವ ಸ್ಟಡ್‌ಗಳಿಗೆ (ಹೆಡ್‌ನಲ್ಲಿ ಕೂತ ತಿರುಪುಗಳು) ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಬೇಕು. 8 ಮಿ.ಮೀ. ಸ್ಟಡ್ ಹೆಡ್‌ನೊಳಗೆ ಮುರಿದರೆ ಅರ್ಧ ದಿನದ ಕೆಲಸ ಮೂರು ದಿನವಾಗುತ್ತದೆ, ಆ ಬಿಲ್ ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಹೊಸ ಫ್ಲೇಂಜ್ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ, 0.1 ಮಿ.ಮೀ. ಹೋಗುತ್ತಿದ್ದರೆ ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸಬೇಕು. ಗ್ಯಾಸ್ಕೆಟ್ ಹೊಸದು, ಹಲವು ಪದರದ ಉಕ್ಕಿನದು. ಸೋರುತ್ತದೆಂದು ಸಿಲಿಕೋನ್ ಮೆತ್ತಲು ಬಿಡಬೇಡಿ, ಅದರ ಆವಿ ಆಕ್ಸಿಜನ್ ಸೆನ್ಸಾರ್ ಕೆಡಿಸುತ್ತದೆ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಸರ್ವಿಸ್ ಮ್ಯಾನ್ಯುಯಲ್‌ನ ಟಾರ್ಕ್‌ಗೆ ಬಿಗಿಯಬೇಕು. ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಬೇಕು. ಪೈಪ್‌ಗಳು ಎಂಜಿನ್‌ನ ಆಯಿಲ್ ಸಂಪ್ ಕೆಳಗೆ ಹಾದರೆ ನಾಲ್ಕು ಜನ ಕೂರಿಸಿ ಅಳೆಯಿರಿ, ನಮ್ಮ ಹಂಪ್‌ಗಳು ಖಾಲಿ ಕಾರಿಗೆಂದು ಕಟ್ಟಿದವಲ್ಲ.

ಆಕ್ಸಿಜನ್ ಸೆನ್ಸಾರ್‌ಗೆ ಮೊದಲು ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳಗೆ ಸೇರಿ, ಪೆಟ್ರೋಲ್ ಕಮ್ಮಿಯಾಯಿತೆಂದು ಇಸಿಯು (ಎಂಜಿನ್ ಕಂಪ್ಯೂಟರ್) ತಪ್ಪು ತಿಳಿದು ಹೆಚ್ಚು ಸುರಿಯುತ್ತದೆ. "ಹೆಡರ್ಸ್ ಹಾಕಿದ ಮೇಲೆ ಮೈಲೇಜ್ ಬಿತ್ತು" ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಒಬಿಡಿ ರೀಡರ್ (ಇಸಿಯು ಅಂಕಿಗಳನ್ನು ಓದುವ ಸಾಧನ) ಹಾಕಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲ್ ಎಷ್ಟು ಹೆಚ್ಚಿಸಿದೆ ಎಂಬುದು, ನೋಡಿ, ಶೇ. 10 ದಾಟಿದ್ದರೆ ಸೋರಿಕೆ ಹುಡುಕಿ. ಇದಕ್ಕೆ ತದ್ವಿರುದ್ಧವಾದ ಅಪಾಯ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನದು: ಗಾಳಿಯನ್ನು ಮ್ಯಾಪ್ ಸೆನ್ಸಾರ್‌ನಿಂದ (ಇನ್‌ಟೇಕ್‌ನ ಒತ್ತಡ ಅಳೆಯುವುದು) ಅಂದಾಜಿಸುವ ಕಾರಿಗೆ ಎಂಜಿನ್ ಹೆಚ್ಚು ಉಸಿರೆಳೆಯುತ್ತಿರುವುದು ತಿಳಿಯುವುದಿಲ್ಲ, ಮಿಶ್ರಣ ತೆಳುವಾಗಿ ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದು) ಶುರುವಾಗಬಹುದು. ರೀಮ್ಯಾಪ್ ಖರ್ಚನ್ನು ಹೆಡರ್ಸ್ ಬೆಲೆಯ ಭಾಗವೆಂದೇ ಎಣಿಸಿ.

ಲೆಕ್ಕ ಹೀಗೆ: ಹೆಡರ್ಸ್, ಗ್ಯಾಸ್ಕೆಟ್, ಫ್ಲೆಕ್ಸ್, ಕೂಲಿ, ರೀಮ್ಯಾಪ್, ಡೈನೋ (ಶಕ್ತಿ ಅಳೆಯುವ ಯಂತ್ರ) ಎಲ್ಲ ಕೂಡಿ 40,000 ರೂಪಾಯಿ ಆಯಿತೆನ್ನಿ, ನಾಲ್ಕು ಪಿಎಸ್ ಸಿಕ್ಕಿತೆನ್ನಿ. ಪಿಎಸ್‌ಗೆ ಹತ್ತು ಸಾವಿರ. ಅದೇ ದುಡ್ಡಿಗೆ ಒಳ್ಳೆಯ ನಾಲ್ಕು ಟೈರ್ ಬಂದರೆ ಟ್ರ್ಯಾಕ್‌ನಲ್ಲಿ ಹೆಚ್ಚು ಸಮಯ ಉಳಿಯುತ್ತದೆ.

ಹಾಕಿಸಿಯೇ ಸಿದ್ಧವೆಂದರೆ ಡೈನೋ ಮೊದಲೂ ನಂತರವೂ ಮಾಡಿಸಿ, ಅದೇ ಯಂತ್ರದಲ್ಲಿ, ಸಾಧ್ಯವಾದರೆ ಅದೇ ದಿನ, ಮೂರು ಮೂರು ಸಲ. ಒಂದೇ ಕಾರು ಸಲದಿಂದ ಸಲಕ್ಕೆ ಶೇ. ಒಂದೆರಡು ಆಚೀಚೆ ತೋರಿಸುವುದರಿಂದ ಒಂದೊಂದೇ ಓಟದ ಹೋಲಿಕೆಗೆ ಬೆಲೆಯಿಲ್ಲ. ಟೈರ್ ಮೇಲೆ ಅಳೆದ ಅಂಕಿಯನ್ನು ಬ್ರೋಷರ್‌ನ ಅಂಕಿಗೆ ಹೋಲಿಸಲೂಬೇಡಿ.

ಬಿಚ್ಚಿದ ಹಳೆಯ ಮ್ಯಾನಿಫೋಲ್ಡನ್ನು ಹೀಟ್ ಶೀಲ್ಡ್, ನಟ್ ಸಮೇತ ಅಂದೇ ಡಿಕ್ಕಿಗೆ ಹಾಕಿಸಿಕೊಂಡು ಬನ್ನಿ. ಕಾರು ಮಾರುವಾಗ ಬೇಕಾಗುತ್ತದೆ. ಅದಕ್ಕೆ ಕ್ಯಾಟ್ ಅಂಟಿಕೊಂಡಿದ್ದರಂತೂ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಬಿಟ್ಟರೆ ಮರುದಿನ ಅದು ಅಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ.